ಮೇಸ್ತ್ರಿ ಮತ್ತೆ ಸ್ಕ್ರೇಪರ್ ಹಿಡಿದ ತಿಂಗಳು

ಐದು ತಿಂಗಳ ರಜೆ ಮುಗಿಸಿ ಮೇಸ್ತ್ರಿ ಕೆಲಸಕ್ಕೆ ಬಂದ ಸೋಮವಾರ ಅವರ ಕೈಯಲ್ಲಿ ಊಟದ ಡಬ್ಬಿಯ ಜೊತೆ ನಾಲ್ಕು ಮಡಿಕೆ ಮಾಡಿದ ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಇತ್ತು. ಅದರ ಮೇಲಿದ್ದದ್ದು ಮಾನಸಿಕ ರೋಗಿಗಳ ಆಸ್ಪತ್ರೆಯ ಮೊಹರು. ಹಾಜರಿ ಬರೆಯುವ ಟೈಮ್ ಆಫೀಸಿನವನು ಕಾಗದ ಓದಿ, ಮೇಸ್ತ್ರಿಯ ಮುಖ ನೋಡಿ, ಮತ್ತೆ ಕಾಗದ ನೋಡಿದ. ಸಹಿಗೆಂದು ಪೆನ್ನನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಬೆರಳ ತುದಿಯಿಂದ ತಳ್ಳಿದ. ನಾನು ಅಲ್ಲೇ ನಿಂತಿದ್ದೆ. ನೋಡಿಯೂ ನೋಡದವನಂತೆ, "ಬನ್ನಿ ಮೇಸ್ತ್ರಿ" ಎಂದೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ನಮ್ಮ ಕಾರ್ಖಾನೆ ಹಳೆಯ ಯಂತ್ರಗಳನ್ನು ಬಿಚ್ಚಿ, ಸವೆದದ್ದನ್ನು ಸರಿಪಡಿಸಿ, ಹೊಸದರಂತೆ ಮಾಡಿ ಕೊಡುತ್ತಿತ್ತು. ನಾನು ಆ ವಿಭಾಗದ ಫೋರ್‌ಮನ್. ಮೇಸ್ತ್ರಿ ನನಗಿಂತ ಎಂಟು ವರ್ಷ ದೊಡ್ಡವರು. ಹುದ್ದೆಯಲ್ಲಿ ಅವರು ನನ್ನ ಕೈಕೆಳಗೆ, ಕಸುಬಿನಲ್ಲಿ ನಾನು ಅವರ ಕೈಕೆಳಗೆ.

ಅವರ ಕಸುಬು ಸ್ಕ್ರೇಪಿಂಗ್. ಯಂತ್ರದ ಮೇಜು ಹಿಂದಕ್ಕೂ ಮುಂದಕ್ಕೂ ಜಾರುವ ಬೀಡುಕಬ್ಬಿಣದ ಹಳಿಗಳು ಕಣ್ಣಿಗೆ ಎಷ್ಟೇ ಸಮವಾಗಿ ಕಂಡರೂ ಸಮವಾಗಿರುವುದಿಲ್ಲ. ಪಕ್ಕಾ ಸಮವಾದ ಒಂದು ಮಾಸ್ಟರ್ ಪಟ್ಟಿಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಅದನ್ನು ಹಳಿಯ ಮೇಲಿಟ್ಟು ಒಂದಿಷ್ಟು ಜರುಗಿಸಿ ಎತ್ತಬೇಕು. ಹಳಿ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲೆಲ್ಲ ನೀಲಿ ಚುಕ್ಕೆ ಹತ್ತುತ್ತದೆ. ಉದ್ದ ಹಿಡಿಯ ಉಳಿಯಂಥ ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿಕೊಂಡು, ಮೈಭಾರದಿಂದ ತಳ್ಳಿ, ಆ ಚುಕ್ಕೆಗಳನ್ನಷ್ಟೇ ಹೆರೆಯಬೇಕು. ಮತ್ತೆ ನೀಲಿ, ಮತ್ತೆ ಹೆರೆತ. ಮೊದಮೊದಲು ಒಂದು ಚದರ ಅಂಗುಲಕ್ಕೆ ಮೂರೋ ನಾಲ್ಕೋ ಚುಕ್ಕೆ. ವಾರಗಟ್ಟಲೆ ಹೆರೆದ ಮೇಲೆ ಹದಿನೈದು, ಹದಿನೆಂಟು, ಇಪ್ಪತ್ತು. ಚುಕ್ಕೆ ಹೆಚ್ಚಿದಷ್ಟೂ ಹಳಿ ಸಮ ಎಂದು ಲೆಕ್ಕ. ಈ ಕೆಲಸದಲ್ಲಿ ಮೇಸ್ತ್ರಿಯನ್ನು ಮೀರಿಸುವವರು ಎಸ್ಟೇಟಿನಲ್ಲೇ ಇರಲಿಲ್ಲ.

ರಜೆಗೆ ಮೊದಲು ಒಂದು ದಿನ ಇಂಥದೇ ಒಂದು ಹಳಿಯ ಮುಂದೆ ನಿಂತಿದ್ದಾಗ ಅವರು ಸ್ಕ್ರೇಪರ್ ಕೆಳಗಿಟ್ಟು ಅಳತೊಡಗಿದ್ದರು. ಇಪ್ಪತ್ತು ವರ್ಷ ತಾನು ಹೆರೆದದ್ದೆಲ್ಲ ತಪ್ಪು, ಊರಿನಲ್ಲಿರುವ ಯಂತ್ರಗಳೆಲ್ಲ ತನ್ನಿಂದ ಕೆಡುತ್ತಿವೆ, ಎಲ್ಲವನ್ನೂ ವಾಪಸ್ ತರಿಸಿ ಎಂದು ನನಗೆ ಕೈಮುಗಿದರು. ಆಮೇಲೆ ಊಟ ಬಿಟ್ಟರು, ನಿದ್ದೆ ಬಿಟ್ಟರು, ಕೊನೆಗೆ ಮಾತೂ ಬಿಟ್ಟರು. ಅವರ ಹೆಂಡತಿಯೇ ಧೈರ್ಯ ಮಾಡಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ತಲೆಗೆ ಕರೆಂಟು ಕೊಟ್ಟರು, ಮಾತ್ರೆ ಕೊಟ್ಟರು. ನಿಧಾನವಾಗಿ ಮನುಷ್ಯ ತಿರುಗಿ ಬಂದರು.

ಬಂದವರನ್ನು ಕಾರ್ಖಾನೆ ಒಂದಲ್ಲ, ಎರಡು ಬಗೆಯಲ್ಲಿ ಅನುಮಾನಿಸಿತು. ಬೆಳಗಿನ ಟೀ ಹೊತ್ತಿಗೆ ಯೂನಿಯನ್ ಸೆಕ್ರೆಟರಿ ನನ್ನ ಬಳಿ ಬಂದ. ಆತ ನಮ್ಮಲ್ಲೇ ಟರ್ನರ್, ಲೇತಿನ ಮುಂದೆ ಕೂದಲೆಳೆಯಷ್ಟು ತಪ್ಪನ್ನೂ ಸಹಿಸದವನು.

"ಹುಚ್ಚಾಸ್ಪತ್ರೆಯಿಂದ ಬಂದೋರ ಕೈಗೆ ಸ್ಕ್ರೇಪರ್ ಕೊಡ್ತೀರಾ ಸಾರ್? ತಲೆ ಕೆಟ್ಟು ಯಾರಿಗಾದ್ರೂ ಹಾಕ್‌ಬಿಟ್ರೆ?"

ಅದೇ ಮನುಷ್ಯ ಮಧ್ಯಾಹ್ನ ಊಟದ ಹಾಲಿನಲ್ಲಿ ಹೇಳಿದ: "ನೋಡಿ ಸಾರ್, ಮುದ್ದೆ ನುಂಗ್ತಾರೆ, ನೆಟ್ಟಗೆ ನಡೀತಾರೆ. ಏನಾಗಿದೆ ಇವ್ರಿಗೆ? ಕೈ ಮುರಿದಿದ್ಯಾ, ಕಾಲು ಮುರಿದಿದ್ಯಾ? ಐದು ತಿಂಗಳು ಮನೇಲಿರೋಕೆ ಒಳ್ಳೆ ನಾಟಕ ಕಟ್ಟಿದ್ರು ಅಷ್ಟೇ."

ವರ್ಕ್ಸ್ ಮ್ಯಾನೇಜರರು ನನ್ನನ್ನು ಕರೆಸಿ, "ಸ್ಟೋರ್ಸ್‌ನಲ್ಲಿ ಕೂರಿಸಿ. ರಿಸ್ಕ್ ಬೇಡ" ಎಂದರು. ನಾನು ಕೂರಿಸಿದೆ. ಡ್ರಿಲ್ ಬಿಟ್‌ಗಳು, ಅರ, ಎಮರಿ ಕಾಗದ ಎತ್ತಿ ಕೊಡುವ ಕೆಲಸ.

ನನ್ನ ವಿಷಯವನ್ನೂ ಹೇಳಬೇಕು. ಅವರು ಅರ್ಧ ಗಂಟೆಗೊಮ್ಮೆ ಎದ್ದು ಶೆಡ್ಡಿನ ಹಿಂದಕ್ಕೆ ಹೋಗುತ್ತಿದ್ದರು. ಕೆಲಸ ತಪ್ಪಿಸುತ್ತಿದ್ದಾರೆಂದು ನಾಲ್ಕೈದು ಜನ ದೂರು ಹೇಳಿದ ಮೇಲೆ ಒಂದು ದಿನ ನಾನೇ ಹಿಂಬಾಲಿಸಿದೆ. ಅವರು ನಲ್ಲಿಯ ಹತ್ತಿರ ನಿಂತು, ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಮತ್ತೆ ಕುಡಿಯುತ್ತಿದ್ದರು. ನನ್ನನ್ನು ಕಂಡು, ತಪ್ಪು ಮಾಡಿದವರಂತೆ, "ಮಾತ್ರೆಗೆ ಬಾಯಿ ಒಣಗುತ್ತೆ ಸಾರ್. ನಾಲಿಗೆ ಅಂಗುಳಕ್ಕೆ ಅಂಟ್ಕೊಳುತ್ತೆ" ಎಂದರು. ಮರುದಿನ ಸ್ಟೋರ್ಸಿಗೆ ಒಂದು ಹೂಜಿ ಇಡಿಸಿದೆ. ಅದರಿಂದ ನನ್ನ ನಾಚಿಕೆಯೇನೂ ಕಡಿಮೆಯಾಗಲಿಲ್ಲ.

ಮೂರು ವಾರ ಕಳೆದಿರಬಹುದು. ಒಂದು ದೊಡ್ಡ ಕಾರ್ಖಾನೆಯಿಂದ ಗ್ರೈಂಡಿಂಗ್ ಯಂತ್ರವೊಂದು ಬಂತು. ಆರಡಿ ಉದ್ದದ ಎರಡು ಹಳಿ, ಎರಡೂ ನಡುವೆ ಸವೆದು ತೊಟ್ಟಿಲಾಗಿದ್ದವು. ಅಂಗುಲಕ್ಕೆ ಹದಿನೆಂಟು ಚುಕ್ಕೆಗೆ ಕಡಿಮೆ ಇರಬಾರದು, ತಮ್ಮ ಇನ್‌ಸ್ಪೆಕ್ಟರು ಬಂದು ನೋಡದೆ ಯಂತ್ರ ಒಯ್ಯುವುದಿಲ್ಲ ಎಂಬುದು ಅವರ ಷರತ್ತು. ಮೇಸ್ತ್ರಿಯ ಜೊತೆ ಪಳಗಿದ್ದ ಇನ್ನೊಬ್ಬ ಹೆರೆಯುವವನು ಆಗಲೇ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದ. ನಾನು ಇಬ್ಬರು ಫಿಟ್ಟರುಗಳನ್ನು ಹಚ್ಚಿದೆ. ಒಂಬತ್ತು ದಿನ ಹೆರೆದರು. ಹತ್ತನೆಯ ದಿನ ಮಾಸ್ಟರ್ ಪಟ್ಟಿ ಇಟ್ಟರೆ ನಡುವೆ ಕಲ್ಲಿಟ್ಟ ಹಲಗೆಯಂತೆ ಅಲ್ಲಾಡಿತು. ಎರಡು ತುದಿಗಳನ್ನು ಹೆಚ್ಚಾಗಿ ಹೆರೆದು ನಡುವನ್ನು ಬೆನ್ನಿನಂತೆ ಉಬ್ಬಿಸಿಬಿಟ್ಟಿದ್ದರು.

ಆ ಭಾನುವಾರ ಸೈಕಲ್ ಹತ್ತಿ ಮಾಗಡಿ ರಸ್ತೆ ಹಿಡಿದೆ. ಮೇಸ್ತ್ರಿಯ ಮನೆ ಶ್ರೀಗಂಧದ ಕಾವಲಿನ ಆಚೆಗಿನ ಹಳ್ಳಿಯಲ್ಲಿತ್ತು. ಆಗ ಅಲ್ಲೆಲ್ಲ ರಾಗಿ ಹೊಲ. ಮೇಸ್ತ್ರಿ ದನಕ್ಕೆ ಹುಲ್ಲು ಹಾಕುತ್ತಿದ್ದರು. ಹೆಂಡತಿ ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ತಂದುಕೊಟ್ಟು, ಕಂಬಕ್ಕೆ ಒರಗಿ ನಿಂತರು. ನಾನು ಬಾಯಿ ಬಿಡುವ ಮೊದಲೇ ಆಕೆ ಶುರು ಮಾಡಿದರು.

"ಅವ್ರನ್ನ ಸ್ಟೋರಲ್ಲಿ ಕೂರ್ಸಿದೀರಂತೆ. ಕನಿಕರ ತೋರ್ಸೋಕೆ ಊರಲ್ಲಿ ಬೇಕಾದಷ್ಟು ಜನ ಅವ್ರೆ ಸಾರ್, ನೀವು ಕೆಲಸ ಕೊಡಿ. ಅಕ್ಕಪಕ್ಕದೋರು ಮಕ್ಕಳನ್ನ ನಮ್ಮನೆ ಮುಂದೆ ಆಡೋಕೆ ಬಿಡಲ್ಲ, ಹುಚ್ಚು ಅಂತಾರೆ. ಅವ್ರೇ ಬಾವಿ ಕಟ್ಟೇಲಿ ಕೂತು, ಏನೂ ಆಗಿಲ್ಲ, ಸೋಮಾರಿತನ ಅಂತಾರೆ. ಎರಡರಲ್ಲಿ ಒಂದು ಹೇಳಲಿ. ಎರಡೂ ಹೆಂಗೆ ಆಗುತ್ತೆ?"

ಮೇಸ್ತ್ರಿ ಕೈ ತೊಳೆದು ಬಂದು ಕೂತರು. ನಾನು ಹಳಿಯ ಕಥೆ ಹೇಳಿದೆ. ಅವರು "ಮಾಡ್ತೀನಿ ಸಾರ್. ಆದ್ರೆ ನಾನು ಹೇಳಿದ ಹಾಗೆ ನಡೀಬೇಕು" ಎಂದರು.

"ಹೇಳಿ."

"ನನ್ನ ಕಾಯಿಲೆ ಏನು ಅಂದ್ರೆ, ಸರಿ ಇರೋದು ನನ್ನ ಕಣ್ಣಿಗೆ ತಪ್ಪಾಗಿ ಕಾಣುತ್ತೆ. ಕಂಡಾಗ ಅದು ಕಾಯಿಲೆ ಅಂತ ಅನ್ಸಲ್ಲ, ಸತ್ಯ ಅಂತಾನೇ ಅನ್ಸುತ್ತೆ. ಅದಕ್ಕೇ ನನ್ನ ಕಣ್ಣೊಂದನ್ನೇ ನಂಬೋ ಹಾಗಿಲ್ಲ. ದಿನಾ ಸಂಜೆ ಹಳಿ ಮೇಲೆ ಹತ್ತು ಜಾಗ ಗುರುತು ಮಾಡೋಣ. ನಾನು ಚುಕ್ಕೆ ಎಣಿಸಿ ನನ್ನ ಪುಸ್ತಕದಲ್ಲಿ ಬರೀತೀನಿ. ನೀವು ಎಣಿಸಿ ನಿಮ್ಮ ಪುಸ್ತಕದಲ್ಲಿ ಬರೀರಿ. ಬರೆಯೋ ತನಕ ಬಾಯಿ ಬಿಡಬಾರ್ದು. ಆಮೇಲೆ ತಾಳೆ ನೋಡೋಣ. ಎರಡು ಜಾಗದಲ್ಲಿ ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬಂತು ಅಂದ್ರೆ ನಾನು ಸ್ಕ್ರೇಪರ್ ಮುಟ್ಟಲ್ಲ, ಡಾಕ್ಟರ ಹತ್ರ ಹೋಗ್ತೀನಿ. ಆಗ ನೀವು ಒತ್ತಾಯ ಮಾಡಬಾರ್ದು."

ಸೈಕಲ್ ತುಳಿಯುತ್ತ ವಾಪಸ್ ಬರುವಾಗ ನನಗೆ ಅನಿಸಿದ್ದು ಇಷ್ಟು: ಕಸುಬಿಗೆ ಸೇರಿದಾಗಿನಿಂದ ನಾನು ನನ್ನ ಕಣ್ಣನ್ನು ಒಮ್ಮೆಯಾದರೂ ಹೀಗೆ ಪರೀಕ್ಷೆಗೆ ಒಡ್ಡಿದ್ದೇನೆಯೇ?

ಸೋಮವಾರ ಮ್ಯಾನೇಜರರನ್ನು ಒಪ್ಪಿಸಿದೆ, ಮಂಗಳವಾರ ಮೇಸ್ತ್ರಿ ಕೆಲಸ ಶುರು ಮಾಡಿದರು. ಬುಧವಾರ ಮ್ಯಾನೇಜರರ ಮೇಜಿಗೆ ಅರ್ಜಿ ಬಂತು. ಮೂವತ್ತಕ್ಕೂ ಹೆಚ್ಚು ಸಹಿ. ಮೇಸ್ತ್ರಿಯ ಕೈಗೆ ಹರಿತವಾದ ಉಪಕರಣ ಕೊಡಬಾರದು, ಕೊಟ್ಟರೆ ಅವರ ಬೆಂಚಿನ ಸುತ್ತ ತಡೆ ಕಟ್ಟಬೇಕು ಎಂದು. ಮ್ಯಾನೇಜರರಿಗೆ ಯಂತ್ರವೂ ಬೇಕಿತ್ತು, ಶಾಂತಿಯೂ ಬೇಕಿತ್ತು. ನಾನು ನನ್ನ ಮೇಜನ್ನೇ ಎತ್ತಿಸಿ ಮೇಸ್ತ್ರಿಯ ಬೆಂಚಿಗೆ ಅಂಟಿಸಿ ಹಾಕಿಸಿದೆ. "ಅಪಾಯ ಇದ್ದರೆ ಮೊದಲು ನನಗೆ" ಎಂದು ಅರ್ಜಿಯ ಅಂಚಿನಲ್ಲಿ ಬರೆದು ಹಿಂದಿರುಗಿಸಿದೆ.

ನಿಜವಾದ ತೊಂದರೆ ಅರ್ಜಿಯಿಂದ ಬರಲಿಲ್ಲ. ಬೆಳಗಿನ ಮಾತ್ರೆ ನುಂಗಿ ಒಂದು ಗಂಟೆ ಕಳೆಯುತ್ತಲೇ ಮೇಸ್ತ್ರಿಯ ಬೆರಳು ನಡುಗತೊಡಗುತ್ತಿತ್ತು. ಸ್ಕ್ರೇಪರಿನ ತುದಿ ಬೀಡುಕಬ್ಬಿಣದ ಮೇಲೆ ಜಾರುವ ಬದಲು ಕುಣಿಯುತ್ತಿತ್ತು, ಹೆರೆದ ಜಾಗದಲ್ಲಿ ಗರಗಸದ ಹಲ್ಲಿನಂಥ ಗೀರು. ಮೊದಲ ವಾರದ ಕೊನೆಗೆ ನಾವು ಇದ್ದಲ್ಲೇ ಇದ್ದೆವು, ಅಂಗುಲಕ್ಕೆ ಆರು ಚುಕ್ಕೆ.

ಆ ಶನಿವಾರ ನಾನು ಆಡಬಾರದ ಮಾತೊಂದನ್ನು ಆಡಿದೆ.

"ಮೇಸ್ತ್ರಿ, ಬೆಳಗಿನ ಮಾತ್ರೆ ಒಂದು ವಾರ ಬಿಟ್ಟು ನೋಡಿದ್ರೆ ಹೇಗೆ?"

ಅವರು ಸಿಟ್ಟು ಮಾಡಲಿಲ್ಲ. ಹತ್ತಿಬಟ್ಟೆಯಲ್ಲಿ ಸ್ಕ್ರೇಪರ್ ಒರೆಸುತ್ತ, "ಬಿಟ್ರೆ ಕೈ ನಿಲ್ಲುತ್ತೆ ಸಾರ್. ತಲೆ ನಿಲ್ಲಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, ನನಗೆ ಸಮಾಧಾನ ಹೇಳುವವರಂತೆ, "ನಾನೂ ಅದನ್ನೇ ಯೋಚಿಸಿದ್ದೆ. ಹೆಂಡ್ತಿ ಮುಖ ನೆನಪಾಯ್ತು, ಆ ಯೋಚನೆ ಬಿಟ್ಟೆ" ಎಂದರು.

ಬದಲಿಗೆ ಅವರು ನಡುಕವನ್ನೇ ಅಳೆದರು. ಗಂಟೆಗೊಮ್ಮೆ ಬೀಡುಕಬ್ಬಿಣದ ಚೂರೊಂದರ ಮೇಲೆ ನಾಲ್ಕು ಗೀರು ಹೆರೆದು ಪಕ್ಕದಲ್ಲಿ ಸೀಮೆಸುಣ್ಣದಿಂದ ಗಂಟೆ ಬರೆದರು. ಒಂಬತ್ತರಿಂದ ಹನ್ನೆರಡರವರೆಗೆ ಗೀರು ಕೆಟ್ಟದ್ದು. ಊಟದ ನಂತರ ನಡುಕ ಇಳಿಮುಖ. ಎರಡೂವರೆಯಿಂದ ನಾಲ್ಕೂವರೆ, ಕೈ ಕಲ್ಲಿನಂತೆ. ಬೆಳಿಗ್ಗೆ ಒರಟು ಹೆರೆತ, ಎರಡೂವರೆಯ ಮೇಲೆ ನಯದ ಹೆರೆತ ಎಂದು ದಿನವನ್ನು ಭಾಗ ಮಾಡಿಕೊಂಡರು. ಸ್ಕ್ರೇಪರಿಗೆ ಮೊದಲಿಗಿಂತ ಮೊಳದಷ್ಟು ಉದ್ದದ ಹೊಸ ಹಿಡಿ ಕೂರಿಸಿ, ಕೈಗೆ ಭಾರವೇ ಬೀಳದೆ ಸೊಂಟ ಮತ್ತು ತೊಡೆಯೇ ತಳ್ಳುವಂತೆ ನಿಲ್ಲುವ ಭಂಗಿ ಬದಲಾಯಿಸಿಕೊಂಡರು. ಸೀಮೆಸುಣ್ಣದ ಗುರುತಿದ್ದ ಆ ಬೀಡಿನ ಚೂರನ್ನು ಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ಸ್ಪಷ್ಟವಾಗಿ ಯಾವ ಪೇಷಂಟೂ ನನಗೆ ಹೇಳಿಲ್ಲ" ಎಂದು, ಬೆಳಗಿನ ಮಾತ್ರೆಯ ಬಹುಪಾಲನ್ನು ಮಲಗುವ ಹೊತ್ತಿಗೆ ಬದಲಾಯಿಸಿ ಬರೆದುಕೊಟ್ಟರು.

ನಡುಕ ಪೂರ್ತಿ ಹೋಗಲಿಲ್ಲ. ಆದರೆ ಚುಕ್ಕೆ ಏರತೊಡಗಿತು. ಎಂಟು, ಹತ್ತು, ಹನ್ನೆರಡು. ಸಂಜೆ ನಾಲ್ಕೂವರೆಗೆ, ನಡುವೆ ಒಂದು ಅಂಗುಲದ ಚೌಕ ಕತ್ತರಿಸಿದ ಪೋಸ್ಟ್‌ಕಾರ್ಡನ್ನು ಗುರುತಿನ ಮೇಲಿಟ್ಟು ಅವರು ಎಣಿಸುವರು, ನಾನು ಬೆನ್ನು ತಿರುಗಿಸಿ ನಿಲ್ಲುವೆ. ಆಮೇಲೆ ನಾನು ಎಣಿಸುವೆ, ಅವರು ಬೆನ್ನು ತಿರುಗಿಸುವರು. ಪುಸ್ತಕಗಳು ಹೆಚ್ಚೂಕಡಿಮೆ ಒಂದೇ ಮಾತು ಹೇಳುತ್ತಿದ್ದವು.

ಇದನ್ನೆಲ್ಲ ದೂರದಿಂದ ನೋಡುತ್ತಿದ್ದ ಸೆಕ್ರೆಟರಿಗೆ ಬೇರೆಯೇ ಕಂಡಿತು. "ಮಧ್ಯಾಹ್ನ ಕಲ್ಲಿನ ಹಾಗಿರೋ ಕೈ ಬೆಳಿಗ್ಗೆ ನಡುಗುತ್ತಾ? ಯಾರ ಕಿವಿಗೆ ಹೂವು ಇಡ್ತಾರೆ ಗುರು?" ಎಂದು ಪಕ್ಕದವನಿಗೆ, ಮೇಸ್ತ್ರಿಗೆ ಕೇಳುವಂತೆಯೇ ಹೇಳಿದ.

ನಾಲ್ಕನೆಯ ವಾರದ ಬುಧವಾರ ನಮ್ಮ ಪುಸ್ತಕಗಳು ತಾಳೆಯಾಗಲಿಲ್ಲ. ಮೊದಲ ಗುರುತಿನಲ್ಲಿ ನನಗೆ ಹದಿನಾರು ಚುಕ್ಕೆ, ಅವರಿಗೆ ಏಳು. ಎರಡನೆಯದರಲ್ಲಿ ನನಗೆ ಹದಿನೇಳು, ಅವರಿಗೆ ಆರು. ಅವರು ತಮ್ಮ ಪುಸ್ತಕ ಮುಚ್ಚಿದರು.

"ಮೂರು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ ಸಾರ್. ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಕಣ್ಣಿಗೆ ಈ ಹಳಿ ಪೂರ್ತಿ ಕೆಟ್ಟಿದೆ. ನಿಮ್ಮ ಪುಸ್ತಕ ಕೆಟ್ಟಿಲ್ಲ ಅನ್ನುತ್ತೆ. ನಾನು ನಿಲ್ಲಿಸ್ತೀನಿ." ಸ್ಕ್ರೇಪರಿನ ತುದಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ನನ್ನ ಮೇಜಿನ ಮೇಲಿಟ್ಟರು. "ಈ ಕ್ಷಣ ನನಗೆ ನಿಮ್ಮ ಪುಸ್ತಕ ಸುಳ್ಳು ಅಂತ ಅನ್ಸುತ್ತಿದೆ. ಆದ್ರೂ ಮಾತು ಕೊಟ್ಟಿದೀನಲ್ಲ."

ಎಲ್ಲರೂ ನೋಡುತ್ತಿರುವಾಗಲೇ ಅವರು ಡಬ್ಬಿ ಹಿಡಿದು ಗೇಟು ದಾಟಿದರು. ಹಿಂದೆ ಯಾರೋ ನಕ್ಕರು.

ಮರುದಿನ ಮ್ಯಾನೇಜರರು ಕರೆದರು. "ಸಾಕು ಮಾಡ್ರಿ. ಹೊರಗಿನ ಕಾಂಟ್ರಾಕ್ಟರ್ ನಾಲ್ಕು ದಿನದಲ್ಲಿ ಮುಗಿಸಿ ಕೊಡ್ತಾನಂತೆ. ಇನ್‌ಸ್ಪೆಕ್ಷನ್‌ಗೆ ಹತ್ತೇ ದಿನ ಇದೆ. ನಿಮ್ಮ ಮೇಸ್ತ್ರಿ ವಾಪಸ್ ಬರ್ತಾರೆ ಅನ್ನೋಕೆ ಏನು ಗ್ಯಾರಂಟಿ?"

ಗ್ಯಾರಂಟಿ ಏನೂ ಇರಲಿಲ್ಲ. ಹಿಂದಿನ ಸಲದಂತೆಯೇ ಆಗಿಬಿಟ್ಟರೆ ಎಂಬ ಹೆದರಿಕೆ ನನಗೂ ಇತ್ತು. ಆದರೆ ಮ್ಯಾನೇಜರರ ಮುಂದೆ ಎರಡು ಪುಸ್ತಕ ಬಿಚ್ಚಿಟ್ಟಾಗ ಒಂದು ವಿಷಯ ನನಗೇ ನಿಚ್ಚಳವಾಯಿತು. ಕಾಯಿಲೆ ತಲೆ ಎತ್ತಿದ್ದನ್ನು ಹಿಡಿದವನು ನಾನಲ್ಲ, ಡಾಕ್ಟರಲ್ಲ, ದೂರು ಹೇಳುವವರಂತೂ ಅಲ್ಲ. ತಾನೇ ಮಾಡಿದ ನಿಯಮದಿಂದ ಅವರೇ ಹಿಡಿದಿದ್ದರು. ಕಣ್ಣು ಒಂದು ಹೇಳುತ್ತಿರುವಾಗ, ಅದು ಸತ್ಯವೆಂದೇ ಅನಿಸುತ್ತಿರುವಾಗ, ಇನ್ನೊಬ್ಬನ ಪುಸ್ತಕವನ್ನು ನಂಬಿ ಉಪಕರಣ ಕೆಳಗಿಡುವ ಗಟ್ಟಿತನ ನಮ್ಮಲ್ಲಿ ಎಷ್ಟು ಜನಕ್ಕಿದೆ?

"ಸೋಮವಾರದವರೆಗೆ ಕಾಯ್ತೀನಿ ಸಾರ್" ಎಂದೆ.

"ಬರೆದುಕೊಡಿ ಹಾಗಾದ್ರೆ. ಡೇಟ್ ತಪ್ಪಿದ್ರೆ ಹೊಣೆ ನಿಮ್ಮದು."

ಅಲ್ಲೇ ನಿಂತು ಬರೆದುಕೊಟ್ಟೆ. ಹಳಿಗೆ ಎಣ್ಣೆ ಹಚ್ಚಿ, ಮೇಣದ ಕಾಗದ ಹೊದಿಸಿ, ಯಾರೂ ಮುಟ್ಟದಂತೆ ಮರದ ಪೆಟ್ಟಿಗೆ ಕವುಚಿದೆ.

ಸೋಮವಾರ ಎಂಟು ಗಂಟೆಗೆ ಮೇಸ್ತ್ರಿ ಬಂದರು. ಡಾಕ್ಟರು ಮಾತ್ರೆ ಹೆಚ್ಚಿಸಿದ್ದರು. ಮುಖ ಊದಿತ್ತು, ಮಾತು ಇನ್ನಷ್ಟು ನಿಧಾನವಾಗಿತ್ತು. ಪೆಟ್ಟಿಗೆ ತೆಗೆಯಿಸಿ, ನೀಲಿ ಹಚ್ಚಿ, ಎಣಿಸಿದರು. ನಾನೂ ಎಣಿಸಿದೆ. ಪುಸ್ತಕಗಳು ತಾಳೆಯಾದವು. ಅವರು ಉಸಿರು ಬಿಟ್ಟು, ಸ್ಕ್ರೇಪರ್ ಹಿಡಿಯುವ ಬದಲು ನೇರ ಲೇತಿನ ಕಡೆ ನಡೆದರು. ನಾನು ಗಾಬರಿಯಿಂದ ಹಿಂದೆಯೇ ಹೋದೆ. ಸೆಕ್ರೆಟರಿ ಲೇತು ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದ.

"ನಿಮಗೆ ನನ್ನ ಮೇಲೆ ಅನುಮಾನ" ಎಂದರು ಮೇಸ್ತ್ರಿ. "ನನಗೂ ನನ್ನ ಮೇಲೆ ಅನುಮಾನಾನೇ. ಫೋರ್‌ಮನ್ ಸಾರ್‌ಗೆ ನನ್ನ ಮೇಲೆ ವಿಶ್ವಾಸ, ಅದಕ್ಕೇ ಅವರ ಎಣಿಕೆ ಒಂದೇ ಸಾಕಾಗಲ್ಲ. ದಿನಾ ಸಂಜೆ ನೀವೂ ಬಂದು ಎಣಿಸಿ. ನಿಮ್ಮ ಕಣ್ಣಿಗೆ ಕಂಡಿದ್ದನ್ನ ಬರೀರಿ. ಅನುಮಾನ ಇರೋರೇ ಬೇಕು ನನಗೆ."

ಸೆಕ್ರೆಟರಿ ನನ್ನ ಮುಖ ನೋಡಿದ. "ನಾನು ಇದ್ದದ್ದು ಇದ್ದ ಹಾಗೆ ಬರೀತೀನಿ. ಮುಲಾಜು ನೋಡಲ್ಲ."

"ಅದಕ್ಕೇ ಕೇಳಿದ್ದು."

ಅವತ್ತು ಸಂಜೆ ಆತ ಪೋಸ್ಟ್‌ಕಾರ್ಡ್ ಹಿಡಿದು ಬಂದದ್ದು ತಪ್ಪು ಹುಡುಕಲೆಂದೇ. ಹತ್ತು ಗುರುತಿಗೆ ಅರ್ಧ ಗಂಟೆ ತೆಗೆದುಕೊಂಡ. ಅಳತೆಯ ವಿಷಯದಲ್ಲಿ ಸುಳ್ಳು ಬರೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ನಮ್ಮಿಬ್ಬರದಕ್ಕಿಂತ ಒಂದೆರಡು ಚುಕ್ಕೆ ಕಡಿಮೆ ಎಣಿಸಿದ, ಅಷ್ಟೇ. ಮೂರನೆಯ ದಿನ ಊಟದ ನಂತರವೇ ಬಂದು, ಮೇಸ್ತ್ರಿ ಹೆರೆಯುವುದನ್ನು ಸ್ವಲ್ಪ ಹೊತ್ತು ನೋಡಿದ. ಐದನೆಯ ದಿನ, "ಮೇಸ್ತ್ರಿ, ಬೆಳಿಗ್ಗೆ ಮಾತ್ರ ಯಾಕೆ ನಡುಗುತ್ತೆ?" ಎಂದು ಕೇಳಿದ. ಮೇಸ್ತ್ರಿ ಸೀಮೆಸುಣ್ಣದ ಗುರುತಿನ ಆ ಬೀಡಿನ ಚೂರನ್ನು ತೆಗೆದು ತೋರಿಸಿ ವಿವರಿಸಿದರು. ಆತ ಗೀರುಗಳ ಮೇಲೆ ಉಗುರು ಎಳೆದು ನೋಡಿ ಹಿಂದಿರುಗಿಸಿದ. ನಾಟಕ ಎಂಬ ಮಾತು ಅವನ ಬಾಯಲ್ಲಿ ಆಮೇಲೆ ನಾನು ಕೇಳಲಿಲ್ಲ. ಅರ್ಜಿಗೆ ಸಹಿ ಹಾಕಿದ ಉಳಿದವರಲ್ಲಿ ಕೆಲವರು ಕೊನೆಯವರೆಗೂ ಮೇಸ್ತ್ರಿಯ ಬೆಂಚನ್ನು ಸುತ್ತು ಹಾಕಿಕೊಂಡೇ ಓಡಾಡಿದರು. ಅದನ್ನೂ ಹೇಳಬೇಕು.

ಇನ್‌ಸ್ಪೆಕ್ಟರು ಬಂದ ದಿನ ಮೂರು ಪುಸ್ತಕದಲ್ಲೂ ಯಾವ ಗುರುತೂ ಹದಿನೆಂಟಕ್ಕಿಂತ ಕೆಳಗಿರಲಿಲ್ಲ. ಆತ ಮಿತಭಾಷಿ. ತನ್ನದೇ ಮಾಸ್ಟರ್ ಪಟ್ಟಿ ತಂದಿದ್ದ. ಆದರೂ ಮೊದಲು ನಮ್ಮ ಪಟ್ಟಿಗೇ ನೀಲಿ ಹಚ್ಚಿ ಮೊದಲ ಹಳಿ ನೋಡಿದ, ತಲೆಯಾಡಿಸಿದ. ಎರಡನೆಯದನ್ನು ನೋಡಿದ. ಆಮೇಲೆ ನಾವು ಯಾರೂ ಮಾಡದಿದ್ದ ಒಂದು ಕೆಲಸ ಮಾಡಿದ. ಪಟ್ಟಿಯನ್ನು ಎತ್ತಿ, ತುದಿ ಬದಲಾಯಿಸಿ, ತಿರುಗಿಸಿ ಇಟ್ಟ. ಎತ್ತಿದಾಗ ಎರಡನೆಯ ಹಳಿಯ ಕೊನೆಯ ನಾಲ್ಕು ಅಂಗುಲದಲ್ಲಿ ನೀಲಿ ಹತ್ತಿರಲಿಲ್ಲ.

"ಈ ತುದಿ ತಗ್ಗು" ಎಂದ.

ನಾವು ತಿಂಗಳಿಡೀ ನಮ್ಮ ಪಟ್ಟಿಯನ್ನು ಒಂದೇ ದಿಕ್ಕಿನಲ್ಲಿಟ್ಟು ನೋಡಿದ್ದೆವು. ಪಟ್ಟಿಯ ಆ ತುದಿಯಲ್ಲೇ ಕೊಂಚ ದೋಷವಿದ್ದಿರಬೇಕು. ಮೂರು ಪುಸ್ತಕಗಳೂ ಒಟ್ಟಿಗೇ ತಪ್ಪಿದ್ದವು. ಮ್ಯಾನೇಜರರು ನನ್ನನ್ನು ನೋಡಿದರು. ಸೆಕ್ರೆಟರಿ ಮೇಸ್ತ್ರಿಯನ್ನು ನೋಡಿದ. ಇಲ್ಲದ ತಪ್ಪು ಕಂಡೇ ಏಳೆಂಟು ತಿಂಗಳ ಹಿಂದೆ ಕುಸಿದ ಮನುಷ್ಯ. ಇದು ಇರುವ ತಪ್ಪು, ಅದೂ ಎಲ್ಲರ ಎದುರಿಗೆ.

ಮೇಸ್ತ್ರಿ ಮುಂದೆ ಬಂದು ಬಗ್ಗಿದರು. ಕೆನ್ನೆ ಹಳಿಗೆ ತಾಗುವಷ್ಟು ಬಗ್ಗಿ, ಬೆಳಕಿಗೆ ಅಡ್ಡಲಾಗಿ ನೋಡಿದರು. ಬೆರಳಿನಿಂದ ಸವರಿದರು. ಎದ್ದು ನಿಂತಾಗ ಅವರ ಮುಖ ಸಹಜವಾಗಿತ್ತು.

"ನಿಜ ಸಾರ್. ತಗ್ಗಿದೆ" ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು. "ಉಳಿದ ಹಳೀನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು. ನಿಮ್ಮ ಪಟ್ಟಿ ಕೊಟ್ರೆ ನಾಳೆ ಸಂಜೆ ಒಳಗೆ ಆಗುತ್ತೆ."

ಇನ್‌ಸ್ಪೆಕ್ಟರು ಪಟ್ಟಿ ಬಿಟ್ಟು ಹೋದ. ಮೇಸ್ತ್ರಿ ಎರಡೂವರೆ ಆಗುವವರೆಗೆ ಕಾದು, ಸ್ಕ್ರೇಪರ್ ಮಸೆದು, ಹೊಸ ಹಿಡಿಗೆ ಸೊಂಟ ಕೊಟ್ಟು ನಿಂತರು. ಮರುದಿನ ನಾಲ್ಕಕ್ಕೆ ಕೆಲಸ ಮುಗಿಯಿತು. ಇನ್‌ಸ್ಪೆಕ್ಟರು ಪಟ್ಟಿಯನ್ನು ಎರಡೂ ದಿಕ್ಕಿನಲ್ಲಿಟ್ಟು ನೋಡಿ, ಸಹಿ ಹಾಕಿದ. ಹೊರಡುವಾಗ, "ಹೆರೆದೋರು ಯಾರು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸೆಕ್ರೆಟರಿ, "ನಮ್ಮ ಮೇಸ್ತ್ರಿ ಸಾರ್" ಎಂದ.

ಮೇಸ್ತ್ರಿ ನಲ್ಲಿಯ ಹತ್ತಿರ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು. ಆ ನೀಲಿ ಉಗುರಿನ ಸಂದಿಯಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಾನು ಪಕ್ಕದಲ್ಲಿ ನಿಂತೆ.

"ನಿನ್ನೆ ಆತ ತಗ್ಗು ಅಂದಾಗ ನನಗೆ ಭಯ ಆಯ್ತು ಮೇಸ್ತ್ರಿ."

"ನನಗೂ ಆಯ್ತು" ಎಂದರು. ಬೆರಳುಗಳನ್ನು ಒಂದೊಂದಾಗಿ ಉಜ್ಜಿದರು. "ಆಮೇಲೆ ಬಗ್ಗಿ ನೋಡಿದೆ. ತಪ್ಪು ಇತ್ತು ಸಾರ್. ಒಂದೇ ಕಡೆ ಇತ್ತು, ಎಲ್ಲಾ ಕಡೆ ಅಲ್ಲ."

ಆ ಮಾತಿನಲ್ಲಿದ್ದ ನೆಮ್ಮದಿ ನನಗೆ ಪೂರ್ತಿ ಅರ್ಥವಾಗಲು ಕೆಲವು ಕ್ಷಣ ಬೇಕಾದವು. ಅಷ್ಟರಲ್ಲಿ ಅವರು ಕೈ ಒರೆಸಿಕೊಂಡು, ಡಬ್ಬಿ ಎತ್ತಿಕೊಂಡು, ನಾಳೆಗೆ ಯಾವ ಕೆಲಸ ಎಂದು ಕೇಳಿದರು.